ಗೋಡೆಯಾಚೆಯ ಅಳು

ಪರಭಾಷೆಯ ಊರಿನಲ್ಲಿ ಬಹುಕಾಲ ಬದುಕಿದವರಿಗೂ ಕೆಲವು ಮಾತುಗಳು ಕಿವಿಗೆ ಬಿದ್ದ ಕೂಡಲೇ ಮೊದಲು ತಾಯ್ನುಡಿಯ ಅರ್ಥವನ್ನೇ ಹೊತ್ತು ಬರುತ್ತವೆ. ದೌಂಡದಲ್ಲಿ ನಾವು ಮನೆ ಕೊಂಡು ಎರಡು ವರ್ಷವಾಗಿತ್ತು. 2021ರ ಶ್ರಾವಣದ ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಕೂ ಕಂಪೌಂಡಿನ ಮೇಲಿಂದ ಮುಖ ತೋರಿಸಿ, ಈ ಸಲ ತಮ್ಮಲ್ಲಿ ‘ಅಳೂ’ ವಿಪರೀತವಾಗಿದೆ ಎಂದರು. ನಾವು ಗಾಬರಿಯಿಂದ ಏನಾಯಿತೆಂದು ಕೇಳಿದೆವು. ಅವರು ನಗುತ್ತ ಗೋಡೆಯ ಬುಡವನ್ನು ತೋರಿಸಿದರು. ಅಲ್ಲಿ ಮೊಣಕಾಲೆತ್ತರಕ್ಕೆ, ಆನೆಯ ಕಿವಿಯಂಥ ಎಲೆಗಳನ್ನು ಬೀಸುತ್ತ ಕೆಸುವು ನಿಂತಿತ್ತು. ಮರಾಠಿಯ ಅಳೂ ನಮ್ಮ ಕೆಸುವು. ಅಂದು ಮಧ್ಯಾಹ್ನ ಕಡಲೆಹಿಟ್ಟು, ಹುಣಸೆಹಣ್ಣು, ಬೆಲ್ಲ ಬೆರೆಸಿ ಎಲೆಗೆ ಸವರಿ, ಸುರುಳಿ ಸುತ್ತಿ, ಬೇಯಿಸಿ ಕರಿದ ಅಳೂವಡಿ ನಮ್ಮ ಮನೆಗೆ ಬಂತು. ಬರಿದಾದ ತಟ್ಟೆಯನ್ನು ಹಾಗೆಯೇ ಹಿಂದಿರುಗಿಸಬಾರದು ಎಂಬುದು ಭೀಮೆಯ ದಂಡೆಯಲ್ಲೂ ನಮ್ಮ ಧಾರವಾಡದ ಕಡೆಯಲ್ಲೂ ಒಂದೇ ನಿಯಮ. ನಾವು ಅದರಲ್ಲಿ ರವೆಯುಂಡೆ ಇಟ್ಟು ಕಳುಹಿಸಿದೆವು. ಮುಂದಿನ ಎರಡು ಶ್ರಾವಣಗಳಲ್ಲಿಯೂ ಹೀಗೆಯೇ ನಡೆಯಿತು. ಆ ಕೆಸುವು ಅಷ್ಟು ಸೊಂಪಾಗಿ ಏಕೆ ಬೆಳೆಯುತ್ತಿದೆ ಎಂದು ನಮಗೆ ಒಮ್ಮೆಯೂ ಅನ್ನಿಸಲಿಲ್ಲ.

ಪುಣೆ–ಸೋಲಾಪುರದ ಹಾದಿಗೆ ಮನಮಾಡ, ಬಾರಾಮತಿಗಳ ಹಳಿಗಳು ಬಂದು ಕೂಡುವ ಜಂಕ್ಷನ್ ಇದು. ಕೇಂದ್ರ ಸರಕಾರದ ನೌಕರಿ ನಮ್ಮನ್ನು ಇಲ್ಲಿಗೆ ತಂದಿತು. ಹಿತ್ತಲಿರುವ ಹಳೆಯ ಮನೆಯೊಂದು ಇಲ್ಲಿಯೇ ನಿಲ್ಲಿಸಿತು. 2020ರಲ್ಲಿ ಎಲ್ಲರೂ ಮನೆಯೊಳಗೆ ಉಳಿದಿದ್ದ ತಿಂಗಳುಗಳಲ್ಲಿ ಹಿತ್ತಲಿನಲ್ಲೊಂದು ಕೊಳ ಕಟ್ಟಿ ಕೊಯಿ ಮೀನು ಸಾಕಬೇಕೆಂಬ ಬಯಕೆ ನಮಗೆ ಹುಟ್ಟಿತು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳ; ಸುಮಾರು ಐದು ಸಾವಿರ ಲೀಟರ್ ನೀರು. ಸಂಚಾರ ಸಡಿಲವಾದ ಮೇಲೆ ಕೆಲಸಕ್ಕೆ ಬಂದ ಗೌಂಡಿ ವಿಜಯಪುರದ ಕಡೆಯವನು. ಗುದ್ದಲಿಯ ತುದಿಯಿಂದ ಎದ್ದ ಕಪ್ಪು ಹೆಂಟೆಯನ್ನು ಅಂಗೈಯಲ್ಲಿ ಹಿಚುಕಿ ನೋಡಿ, “ಸಾಹೇಬ್ರ, ಇದು ಎರಿ ಮಣ್ಣ ಐತ್ರಿ. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಹೊಟ್ಟಿ ಉಬ್ಬಸ್ತೈತಿ. ಇದರ ಮ್ಯಾಲ ಬರೇ ಸಿಮೆಂಟ ನಿಲ್ಲೂದಿಲ್ರಿ” ಎಂದ. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು ಒಂದು ವಾರ ಪೂರ್ತಿ ಕೊಳ ಕಟ್ಟುವ ವಿಡಿಯೋಗಳನ್ನು ನೋಡಿ ಮುಗಿಸಿದ್ದರು. ಕಬ್ಬಿಣದ ಜಾಳಿಗೆ, ಗಟ್ಟಿ ಗಾರೆ, ಮೇಲೆ ನೀರು ತಡೆಯುವ ಲೇಪ ಇದ್ದರೆ ಯಾವ ಮಣ್ಣೂ ಏನೂ ಮಾಡಲಾರದೆಂದು ಅವನಿಗೇ ಪಾಠ ಹೇಳಿದೆವು. ಅವನು ಮರುಮಾತಾಡದೆ ನಾವು ಹೇಳಿದಂತೆ ಕಟ್ಟಿದ.

ಕೊಯಿ ಎಂದರೆ ವಿಚಿತ್ರ ಪ್ರಾಣಿಯೇನಲ್ಲ. ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯ ಬಂಧುವೇ. ಜಪಾನಿನ ನೀಗಾತಾ ಪ್ರಾಂತದ ಬೆಟ್ಟಗಾಡಿನ ರೈತರು ಹಿಮಗಾಲದ ಆಹಾರಕ್ಕೆಂದು ಗದ್ದೆಯ ಹೊಂಡಗಳಲ್ಲಿ ಗೆಂಡೆ ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು, ಬಿಳಿ ಮಚ್ಚೆಯ ಮರಿ ಕಾಣಿಸಿಕೊಂಡಾಗ ಅವುಗಳನ್ನು ತಿನ್ನದೆ ಉಳಿಸಿ ತಳಿ ಬೆಳೆಸಿದರು. 1914ರ ಟೋಕಿಯೋ ಪ್ರದರ್ಶನದ ತರುವಾಯ ಅವು ಹೊರಗಿನವರಿಗೂ ಪರಿಚಿತವಾದವು. 2004ರ ಅಕ್ಟೋಬರಿನಲ್ಲಿ ಆ ಬೆಟ್ಟಗಳಲ್ಲಿ ಭೂಕಂಪವಾದಾಗ ಎಷ್ಟೋ ಹೊಂಡಗಳು ಬಿರುಕು ಬಿಟ್ಟು ಬರಿದಾದವು. ಉಳಿದ ಮೀನುಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದರು. ಇದನ್ನು ಓದಿ ನಾವು ಮರುಗಿದ್ದುಂಟು. ನಮ್ಮ ಹಿತ್ತಲಿನ ಹೊಂಡಕ್ಕೆ ಭೂಕಂಪ ಬೇಕಾಗಲಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಸಾಕಾಯಿತು.

ಮೊದಲ ವರ್ಷ ನೀರು ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ದೌಂಡದ ಏಪ್ರಿಲ್ ಬಿಸಿಲಿಗೆ ಆವಿಯಾಗುತ್ತಿದೆ ಎಂದುಕೊಂಡೆವು. ಮೂರನೆಯ ಬೇಸಿಗೆಗೆ ಬಿಸಿಲಿನ ಮೇಲೆ ತಪ್ಪು ಹೊರಿಸುವುದು ಕಷ್ಟವಾಯಿತು. ಆಗ ಮಾಡಿದ್ದು ಬಕೆಟ್ ಪರೀಕ್ಷೆ. ಕೊಳದ ಮೆಟ್ಟಿಲಿನ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಅದರೊಳಗಿನ ಮಟ್ಟಕ್ಕೂ ಕೊಳದ ಮಟ್ಟಕ್ಕೂ ಗುರುತು ಹಾಕಿ, ಪಂಪು ನಿಲ್ಲಿಸಿ ಒಂದು ದಿನ ಬಿಡಬೇಕು. ಬಿಸಿಲು ಎರಡನ್ನೂ ಒಂದೇ ಸಮನೆ ಕುಡಿಯುತ್ತದೆ. ಕೊಳ ಹೆಚ್ಚಾಗಿ ಇಳಿದಷ್ಟೂ ಸೋರಿಕೆ. ಬಕೆಟ್ಟಿನಲ್ಲಿ ಒಂದು ಸೆಂಟಿಮೀಟರ್ ಇಳಿದಿತ್ತು, ಕೊಳದಲ್ಲಿ ಏಳೂವರೆ. ಲೆಕ್ಕ ಹಾಕಿದರೆ ದಿನಕ್ಕೆ ಮುನ್ನೂರ ಅರವತ್ತು ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಇಪ್ಪತ್ತನಾಲ್ಕು ಕೊಡ. ನಳದ ನೀರಿಗಾಗಿ ಕೊಡಗಳನ್ನು ಸಾಲಾಗಿ ಇಡುವ ಓಣಿಯಲ್ಲಿ ಬೋರಿನ ನೀರನ್ನು ನಾವು ಹೀಗೆ ನೆಲಕ್ಕೆ ಸುರಿಯುತ್ತಿದ್ದೆವು. ನಾಚಿಕೆಯಾಯಿತು. ಬಿರುಕುಗಳಿಗೆ ಲೇಪ ಬಳಿದೆವು. ಆರು ತಿಂಗಳಲ್ಲಿ ಅವು ಪಕ್ಕದಲ್ಲೇ ಹೊಸದಾಗಿ ಬಾಯಿ ತೆರೆದವು. ಎರಡನೆಯ ಸಲ ಬಳಿದದ್ದೂ ವ್ಯರ್ಥವಾದಾಗ, ‘ಕೆರೆಗೆ ಹಾರ’ದ ಕಲ್ಲನಕೇರಿಯಲ್ಲಿ ನೀರು ಬಾರದ ಕೆರೆಗೆ ಕಿರಿಸೊಸೆಯನ್ನು ಕೊಟ್ಟ ಕಥೆಯನ್ನು ನೆನೆದು, “ಈ ಮನೆಗೆ ಇರುವುದು ಒಬ್ಬಳೇ ಸೊಸೆ, ಆ ಯೋಚನೆ ಬೇಡ” ಎಂದು ನಮ್ಮಲ್ಲಿ ಸೊಸೆಯಾದವರು ಎಚ್ಚರಿಸಿದರು. ನಕ್ಕೆವು. ಇಪ್ಪತ್ತನಾಲ್ಕು ಕೊಡವೆಂದು ಕರಾರುವಾಕ್ಕಾಗಿ ಎಣಿಸಿದ ನಾವು, ಅಷ್ಟು ನೀರು ಹೋಗಿ ಸೇರುತ್ತಿರುವುದು ಎಲ್ಲಿಗೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅದನ್ನು ಕೇಳಿದವಳು ಮಗಳು. 2023ರ ದೀಪಾವಳಿಗೆ ಕಾಕೂ ಮನೆಗೆ ಚಕ್ಕುಲಿ, ಶಂಕರಪೋಳಿಯ ಡಬ್ಬಿ ಕೊಡಲು ಹೋಗಿದ್ದ ಏಳು ವರ್ಷದ ಅವಳು ಹಿಂದಿರುಗಿ, “ಕಾಕೂ ಮನ್ಯಾಗ ಕ್ಯಾಲೆಂಡರಿನ ಗಣಪತಿ ನನ್ನ ಎತ್ತರಕ್ಕೇ ಅದಾನ. ಅವನ ಹಿಂದ ಗ್ವಾಡಿಗೆ ಬೆವರು ಬಂದದ” ಎಂದಳು. ಭೀಮೆಯ ಆಚೆ ದಂಡೆಯ ಸಿದ್ಧಟೇಕದ ವಿನಾಯಕನ ಕ್ಯಾಲೆಂಡರ್ ಈ ಊರಿನ ಎಷ್ಟೋ ಮನೆಗಳಲ್ಲಿದೆ. ಆದರೆ ಯಾರೂ ಅದನ್ನು ನೆಲದಿಂದ ಮೂರಡಿಗೆ ನೇತುಹಾಕುವುದಿಲ್ಲ.

ಮರುದಿನ ಹೋಗಿ ನೋಡಿದೆವು. ಕ್ಯಾಲೆಂಡರನ್ನು ಎತ್ತಿದರೆ ಸುಣ್ಣ ಹೊಪ್ಪಳೆಯಾಗಿ ಎದ್ದಿತ್ತು, ಗಾರೆಯ ಮೇಲೆ ಉಪ್ಪು ಹೂಬಿಟ್ಟಿತ್ತು. ಪಕ್ಕದಲ್ಲಿದ್ದ ಕಬ್ಬಿಣದ ಟ್ರಂಕಿನ ಬುಡ ತುಕ್ಕು ಹಿಡಿದು ನೆಲಕ್ಕೆ ಕೆಂಪು ಗೆರೆ ಬಿದ್ದಿತ್ತು. ಆ ಗೋಡೆಗೆ ತಾಗಿಯೇ ಕಾಕೂ ಮಲಗುವ ಮಂಚ. ಕಳೆದೆರಡು ಚಳಿಗಾಲಗಳಲ್ಲಿ ರಾತ್ರಿ ಅವರು ಕೆಮ್ಮುವುದು ನಮಗೆ ಕೇಳಿಸುತ್ತಿತ್ತು, ವಯಸ್ಸೆಂದು ಸುಮ್ಮನಾಗಿದ್ದೆವು. ಎಷ್ಟು ದಿನದಿಂದ ಹೀಗಾಗಿದೆ ಎಂದು ಕೇಳಿದರೆ, “ಅಸೂ ದೇ” ಎಂದರು. ಇರಲಿ ಬಿಡು. ಹೇಳಬಾರದಿತ್ತೇ ಕಾಕೂ ಎಂದರೆ, ಮೀನೆಂದರೆ ಮಗುವಿಗೆ ಜೀವ, ಹೇಳಿದ್ದರೆ ನೀವು ಕೊಳ ಮುಚ್ಚುತ್ತಿದ್ದಿರಿ ಎಂದರು.

ಅವರು ಆಡದ ಮಾತನ್ನು ಅವರ ಮಗ ಆಡಿದ. ಪುಣೆಯಲ್ಲಿ ಕೆಲಸ ಮಾಡುವ ಅವನು ಆ ವಾರ ಊರಿಗೆ ಬಂದಿದ್ದ. ನಮ್ಮ ಬಾಗಿಲಲ್ಲಿ ನಿಂತು, ನಿಮ್ಮ ಮೀನಿಗೆ ಅರಮನೆ, ನಮ್ಮ ತಾಯಿಗೆ ಹಸಿ ಗೋಡೆಯೇ ಎಂದು ಕೇಳಿದ. ಓಣಿಯವರು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿಯೇ ಕೇಳಿದ. ನಮ್ಮ ಬಳಿ ಉತ್ತರವಿರಲಿಲ್ಲ. ನೆರೆಯವರಿಬ್ಬರು ಕೂಡಿ ಗೋಡೆ ಸರಿಪಡಿಸುವ ರಾಬರ್ಟ್ ಫ್ರಾಸ್ಟನ ಕವಿತೆಯನ್ನು ನಮ್ಮಲ್ಲೊಬ್ಬರು ಎಂ.ಎ. ಪರೀಕ್ಷೆಗೆ ಪುಟಗಟ್ಟಲೆ ವಿವರಿಸಿದ್ದುಂಟು. ಗೋಡೆಯ ಮೇಲಿಂದ ಏನು ದಾಟುತ್ತದೆ, ಏನು ದಾಟಬಾರದು ಎಂದೆಲ್ಲ ಬರೆದು ಒಳ್ಳೆಯ ಅಂಕ ಪಡೆದದ್ದೂ ಆಯಿತು. ಬುಡದಲ್ಲಿ ಏನು ಇಳಿದು ಹೋಗುತ್ತದೆ ಎಂಬುದು ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ.

ಕೊಳ ಮುಚ್ಚಿಬಿಡುವುದೆಂದು ಆ ರಾತ್ರಿ ತೀರ್ಮಾನಿಸಿದೆವು. ಮೀನುಗಳನ್ನು ಭೀಮೆಗೆ ಬಿಟ್ಟರಾಯಿತೆಂದು ಯಾರೋ ಸಲಹೆಯಿತ್ತರು. ಸಾಕಿದ ಪರದೇಶಿ ಗೆಂಡೆ ಕೆಸರು ಕೆದಕಿ ಮೇಯುವ ಪ್ರಾಣಿ. ಹೊಳೆಗೆ ಬಿಟ್ಟರೆ ಅದು ಅಲ್ಲಿನ ಮೀನುಗಳಿಗೆ ಹೊರೆ. ನಮ್ಮ ಹಿತ್ತಲಿನ ತಪ್ಪನ್ನು ಹೊಳೆಗೆ ದಾಟಿಸುವುದು ಬೇಡವೆನ್ನಿಸಿತು. ಕಡೆಗೆ ಕೊಳ ಉಳಿಸಿದ್ದು ಕಾಕೂ ಅವರೇ. ಮುಚ್ಚುವ ಸುದ್ದಿ ಕೇಳಿ ಗೋಡೆಯ ಮೇಲಿಂದ, ಮುಚ್ಚುವುದು ಸುಲಭ, ಸರಿಯಾಗಿ ಕಟ್ಟಿ ಎಂದು ಗದರಿದರು.

ಅದೇ ಗೌಂಡಿಯನ್ನು ಹುಡುಕಿ ಕರೆಸಿದೆವು. ಅವನು “ಹೇಳಿದ್ನೆಲ್ರಿ” ಎನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು. ಮೊದಲು ನೀರು ತುಂಬುವುದನ್ನು ನಿಲ್ಲಿಸಿ ಅದು ಎಲ್ಲಿಗೆ ಇಳಿದು ನಿಲ್ಲುತ್ತದೆಂದು ನೋಡಿದ. ಬಿರುಕು ಇರುವ ಮಟ್ಟಕ್ಕೆ ಬಂದಾಗ ಸೋರಿಕೆ ತಾನಾಗಿ ನಿಲ್ಲುತ್ತದೆ. ನಮ್ಮ ನೀರು ತಳದಿಂದ ಒಂದು ಗೇಣಿನ ಮೇಲೆ, ಕಾಕೂ ಮನೆಯ ಕಡೆಯ ಮೂಲೆಯಲ್ಲಿ ನಿಂತಿತು. ಗೋಡೆ ಒಡೆದಾಗ ಹಿಂದಿನ ಎರೆಮಣ್ಣು ಅಲ್ಲಿ ಹಿಡಿಗಾತ್ರ ಸರಿದುಹೋಗಿತ್ತು. ಈ ಮಣ್ಣಿನ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿ ಕುಗ್ಗುತ್ತವೆ. ವರ್ಷಕ್ಕೊಮ್ಮೆ ಉಸಿರಾಡುವ ನೆಲದ ಮೇಲೆ ಉಸಿರಾಡದ ಪೆಟ್ಟಿಗೆಯೊಂದನ್ನು ಕೂರಿಸಿದ್ದೆವು. ವಿಚಿತ್ರವೆಂದರೆ, ಸದಾ ತೇವವಾಗಿದ್ದರೆ ಇದೇ ಎರೆಮಣ್ಣು ಒಳ್ಳೆಯ ಒಳಹಾಸು. ನಮ್ಮ ಕಡೆಯ ಕೃಷಿ ಹೊಂಡಗಳಲ್ಲಿ ಕೆಂಪು ಮಣ್ಣಿಗೆ ಹಾಳೆ ಹಾಸುವುದು ಅಗತ್ಯ, ಎರೆ ಹೊಲದ ಎಷ್ಟೋ ಹೊಂಡಗಳು ಹಾಳೆಯಿಲ್ಲದೆ ನೀರು ಹಿಡಿಯುತ್ತವೆ. ಸೋಲುವುದು ಮಣ್ಣಲ್ಲ, ಅದರ ಮೇಲಿನ ಬಿಗಿತ.

ಹಾಗಾಗಿ ಬಾಗುವ ಹಾಸು ಬೇಕು, ಅಂದರೆ ಲೈನರ್. ಯಾವುದು ಎಂಬ ಪ್ರಶ್ನೆಗೆ ಒಂದು ತಿಂಗಳು ಹಿಡಿಯಿತು. ಪೇಟೆಯಲ್ಲಿ ಮೊದಲು ಕೈಗೆ ಸಿಗುವುದು ತಾಡಪತ್ರಿ. ಅಗ್ಗ, ಆದರೆ ಬಿಸಿಲಿಗೆ ಬಹುಬೇಗ ಬಿರುಸಾಗಿ ಮಡಿಕೆಗಳಲ್ಲಿ ಸೂಜಿತೂತು ಬೀಳುತ್ತದೆ. ಪಿವಿಸಿ ಹಾಳೆ ಮೃದು, ಮೂಲೆಗೆ ಚೆನ್ನಾಗಿ ಕೂರುತ್ತದೆ, ಅಂಟಿನಿಂದ ಜೋಡಿಸಬಹುದು. ಆದರೆ ಅದನ್ನು ಮೃದುವಾಗಿಸುವ ಎಣ್ಣೆಯಂಥ ದ್ರವ್ಯ ವರ್ಷಗಳು ಕಳೆದಂತೆ ಬಿಟ್ಟುಹೋಗಿ ಹಾಳೆ ಗಡುಸಾಗುತ್ತದೆ. ಮೀನಿಗೆ ಸುರಕ್ಷಿತವೆಂದು ಹೇಳಿದ ದರ್ಜೆಯದನ್ನೇ ಕೇಳಿ ಕೊಳ್ಳಬೇಕು.

ಮೂರನೆಯದು ಈ ತಾಲ್ಲೂಕಿನ ರೈತರೆಲ್ಲ ಬಲ್ಲದ್ದು. ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಅಣ್ಣನ ಹೊಲಕ್ಕೆ ಕರೆದೊಯ್ದು ತೋರಿಸಿದರು. ಇಲ್ಲಿ ‘ಶೇತತಳೆ’ ಎನ್ನುವ ವಿಶಾಲವಾದ ಹೊಂಡ. ಇಳಿಜಾರು ದಂಡೆಗಳ ಮೇಲೆ 500 ಮೈಕ್ರಾನ್ ದಪ್ಪದ ಕಪ್ಪು ಎಚ್‌ಡಿಪಿಇ ಹಾಳೆ ಬಿಸಿಲಿಗೆ ಹೊಳೆಯುತ್ತಿತ್ತು. ಹಾಳೆ ಕಪ್ಪಗಿರುವುದು ಅದರಲ್ಲಿ ಬೆರೆಸಿದ ಇಂಗಾಲದ ಪುಡಿಯಿಂದ. ಬಿಸಿಲಿನ ಪೆಟ್ಟನ್ನು ತಾಳಿಕೊಳ್ಳುವುದು ಆ ಪುಡಿಯೇ. ಮಿಕ್ಕ ತುಂಡನ್ನು ಒಯ್ಯಿರೆಂದು ರೈತರು ಧಾರಾಳವಾಗಿ ಹೇಳಿದರು. ತಂದು ನಮ್ಮ ಗುಂಡಿಗೆ ಇಳಿಸಿ ನೋಡಿದೆವು. ಅರ್ಧ ಎಕರೆಯ ಇಳಿಜಾರಿನಲ್ಲಿ ಶಿಸ್ತಾಗಿ ಮಲಗುವ ಹಾಳೆ ಆರಡಿಯ ಗುಂಡಿಯ ಮೂಲೆಗಳಲ್ಲಿ ಹಪ್ಪಳದಂತೆ ಸೆಟೆದು ನಿಂತಿತು. ಅದನ್ನು ಬೇಕಾದ ಆಕಾರಕ್ಕೆ ಬೆಸೆಯಲು ಕಾಯಿಸಿ ಜೋಡಿಸುವ ಯಂತ್ರ ಬೇಕು. ದೊಡ್ಡದಕ್ಕೆ ಯೋಗ್ಯವಾದದ್ದು ಚಿಕ್ಕದಕ್ಕೂ ಯೋಗ್ಯವಾಗಬೇಕೆಂದಿಲ್ಲ.

ಕೊನೆಗೆ ಒಪ್ಪಿದ್ದು ಇಪಿಡಿಎಂ ಎಂಬ ರಬ್ಬರಿಗೆ. ಬೆಲೆ ಎಚ್‌ಡಿಪಿಇಗಿಂತ ಹಲವು ಪಟ್ಟು, ತೂಕ ಇಬ್ಬರು ಹೊರುವಷ್ಟು. ಆದರೆ ಹಳೆಯ ಸೈಕಲ್ ಟ್ಯೂಬಿನಂತೆ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಿರುಗುತ್ತದೆ. ಮಣ್ಣು ಬೆರಳಗಲ ಕದಲಿದರೆ ತಾನೂ ಅಷ್ಟು ಕದಲಿ ಸುಮ್ಮನಿರುತ್ತದೆ. ಎರಡು ದಶಕ ಬಾಳುವ ಪದಾರ್ಥ. ಛಾವಣಿಗೆ ಹಾಸುವ ಇಪಿಡಿಎಂನಲ್ಲಿ ಮೀನಿಗೆ ಆಗದ ದ್ರವ್ಯಗಳಿರಬಹುದು, ಆದ್ದರಿಂದ ಕೊಳದ ದರ್ಜೆಯದನ್ನೇ ತರಿಸಿದೆವು. ಅಳತೆಯ ಸೂತ್ರ ಸರಳ: ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ದಂಡೆಯ ಮೇಲೆ ಮಡಿಸಲು ಎರಡೂ ಬದಿಗೆ ಒಂದೊಂದು ಅಡಿ ಸೇರಿಸಬೇಕು, ಅಗಲಕ್ಕೂ ಹಾಗೆಯೇ. ನಮ್ಮ ಹತ್ತು–ಆರರ ಕೊಳಕ್ಕೆ ಹದಿನೆಂಟು–ಹದಿನಾಲ್ಕು ಅಡಿಯ ಒಂದೇ ಹಾಳೆ, ನಡುವೆ ಜೋಡಣೆಯಿಲ್ಲ.

2024ರ ಜನವರಿಯಲ್ಲಿ ಕೆಲಸ ಹಿಡಿದೆವು. ಐದು ಮೀನುಗಳು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಹೋದವು. ಗಾಳಿಯ ಪಂಪು, ಮೇಲೆ ಬಲೆ. ಕೊಯಿ ಎಗರುವ ಜಾತಿ. ಹಳೆಯ ಶೋಧಕದ ಸ್ಪಂಜನ್ನು ತೊಳೆಯದೆ ಅದೇ ನೀರಿನಲ್ಲಿ ಇಟ್ಟೆವು. ಮೀನಿನ ಕಲ್ಮಶದ ಅಮೋನಿಯಾವನ್ನು ನೈಟ್ರೈಟಾಗಿಸಿ, ಅದನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾಗಳು ಅದರಲ್ಲಿ ನೆಲೆಸಿರುತ್ತವೆ. ಗೌಂಡಿ ಈ ಸಲ ಸ್ವತಂತ್ರನಾಗಿ ಕೆಲಸ ಮಾಡಿದ. ಸಿಮೆಂಟಿನ ಚೂರುಗಳನ್ನೆಲ್ಲ ಆಯ್ದು ತೆಗೆದ, ಮೂಲೆಗಳನ್ನು ದುಂಡಗಾಗಿಸಿದ, ತಳಕ್ಕೆ ಮರಳು ಹರಡಿದ. ಒಂದು ಮೂಲೆಯಲ್ಲಿ ಕಿರಿದಾದ ಕುಣಿ ತೆಗೆದು ಜಲ್ಲಿ ತುಂಬಿ ಮೇಲಕ್ಕೊಂದು ಪೈಪು ಇಟ್ಟ. ಮಳೆಗಾಲದಲ್ಲಿ ಹಾಳೆಯ ಕೆಳಗೆ ನೀರು ಸೇರಿದರೆ ಅದು ಎಮ್ಮೆಯ ಬೆನ್ನಿನಂತೆ ಮೇಲೇಳುತ್ತದೆ. ಆಗ ಆ ಪೈಪಿನಿಂದ ನೀರನ್ನು ಹೊರಗೆಳೆಯಬಹುದು. ಇದು ನಾವು ನೋಡಿದ ಯಾವ ವಿಡಿಯೋದಲ್ಲೂ ಇರಲಿಲ್ಲ.

ಹಾಳೆಗೆ ಕಲ್ಲು ಚುಚ್ಚದಂತೆ ಕೆಳಗೆ ಮೆತ್ತನೆಯ ಬಟ್ಟೆ ಬೇಕು. ಅದಕ್ಕೆಂದೇ ದೊರೆಯುವ ಜಿಯೋಟೆಕ್ಸ್‌ಟೈಲ್ ತಂದಿದ್ದೆವು, ಸ್ವಲ್ಪ ಸಾಲದಾಯಿತು. ಗೋಡೆಯಾಚೆಯಿಂದ ಎರಡು ಗೋಧಡಿಗಳು ಬಂದವು. ನಮ್ಮ ಕೌದಿಯ ಮರಾಠಿ ತಂಗಿಯರು. ಹತ್ತಿಯದು ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ ಕಾಕೂ ಎಂದೆವು. ಇವು ಪಾಲಿಯೆಸ್ಟರ್ ಸೀರೆಯವು, ಹೊದ್ದರೆ ಬೆವರುತ್ತದೆಂದು ಯಾರೂ ಹೊದೆಯಲಿಲ್ಲ, ನೂರು ವರ್ಷವಾದರೂ ಕೊಳೆಯಲಾರವು ಎಂದರು. ಅವರದೇ ಗೋಡೆಯ ಕಡೆಯ ಮೂಲೆಗೆ ಅವನ್ನು ಹಾಸಿದೆವು. ಹಾಳೆ ಇಳಿಸಿ, ನೀರು ಏರಿದಂತೆ ಮಡಿಕೆ ಸರಿಪಡಿಸಿ, ಟ್ಯಾಂಕರಿನ ನೀರಿನ ಕ್ಲೋರಿನ್ ಹೋಗಲಾಡಿಸಲು ಸೋಡಿಯಂ ಥಯೋಸಲ್ಫೇಟ್ ಬೆರೆಸಿದೆವು. ಬಕೆಟ್ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಎರಡೂ ಗುರುತುಗಳು ಒಂದೇ ಸಮನಾಗಿ ಇಳಿದವು.

ಕಾಕೂ ಮನೆಯ ಗೋಡೆಗೆ ಹೆಚ್ಚು ಕಾಲ ಬೇಕಾಯಿತು. ಗಾರೆಯನ್ನು ಇಟ್ಟಿಗೆಯವರೆಗೂ ಕೆತ್ತಿಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಜೂನಿಗೆ ಮುಂಚೆ ಹೊಸ ಗಾರೆ ಮಾಡಿಸಿದೆವು. ಖರ್ಚು ಕೊಡಲು ಹೋದಾಗ ಅವರು ಒಪ್ಪಲಿಲ್ಲ. ಮಗ ಒಪ್ಪಿದ, ಅದು ನ್ಯಾಯವೂ ಆಗಿತ್ತು. ಅವನು ಈಗ ಮಾತಾಡುತ್ತಾನೆ, ಮೊದಲಿನಷ್ಟಲ್ಲ.

ಇಷ್ಟಾದ ಮೇಲೂ ನಮ್ಮ ಲೆಕ್ಕದಲ್ಲಿ ಒಂದು ಬಾಕಿ ಉಳಿದಿತ್ತು. ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಗೋಡೆಯ ಮೇಲಿಂದ ಇಣುಕಿದಾಗ ಕೆಸುವಿನ ಎಲೆಗಳು ಅಂಚಿನಿಂದ ಹಳದಿಯಾಗಿ ನೆಲಕ್ಕೆ ಬಾಗಿದ್ದವು. ಮೂರು ಶ್ರಾವಣ ನಾವು ತಿಂದ ಅಳೂವಡಿ ನಮ್ಮ ಕೊಳದ ನೀರಿನಲ್ಲಿಯೇ ಬೆಳೆದದ್ದು. ಮೀನಿನ ಗೊಬ್ಬರ ಕುಡಿದೇ ಅದು ಆನೆಯ ಕಿವಿಯಾಗಿದ್ದು. ಹಸಿ ಗೋಡೆಯ ಪಕ್ಕದಲ್ಲಿ ಮಲಗಿ, ಅದೇ ಹಸಿಯಿಂದ ಬಂದದ್ದನ್ನು ಕರಿದು ಅವರು ನಮಗೆ ಕಳುಹಿಸುತ್ತಿದ್ದರು. ಈಗ ನಾವು ನೀರು ನಿಲ್ಲಿಸಿದ್ದೆವು. ಈ ಸಲವೂ ಅವರು ಏನೂ ಹೇಳಿರಲಿಲ್ಲ.

ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿಯ ಜೊತೆಗೇ ತೂಬನ್ನೂ ಕೋಡಿಯನ್ನೂ ಯೋಚಿಸುತ್ತಿದ್ದರು. ಗದ್ದೆಗೆ ಹೋಗಬೇಕಾದ ನೀರು ತೂಬಿನಿಂದ, ಮಿಕ್ಕಿದ್ದು ಕೋಡಿಯಿಂದ. ಯಾರ ಹೊಲಕ್ಕೆ ಎಷ್ಟು ಹೊತ್ತು ಎಂದು ನೋಡಿಕೊಳ್ಳಲು ನೀರಗಂಟಿ. ಬಿಡಲು ದಾರಿಯಿಲ್ಲದ ಕೆರೆ ತಾನೇ ದಾರಿ ಮಾಡಿಕೊಳ್ಳುತ್ತದೆ. ದೌಂಡ ತಾಲ್ಲೂಕಿಗೆ ಕಾಲುವೆಯಲ್ಲಿ ನೀರು ಬರುವುದು ಖಡಕವಾಸಲಾದಿಂದ. ಅಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಇದೇ ಅರಿವಿನವು: ನಿಗದಿತ ಮಟ್ಟದವರೆಗೆ ನೀರು ಹಿಡಿಯುವುದು, ಅದಕ್ಕೆ ಮೀರಿದರೆ ತಾವಾಗಿ ತೆರೆದುಕೊಳ್ಳುವುದು. ಈ ಊರಿನಲ್ಲಿ ಕನ್ನಡಿಗರೆಂದು ಪರಿಚಯ ಹೇಳಿಕೊಳ್ಳುವಾಗ ಅವರ ಹೆಸರನ್ನು ನಾವು ಎಷ್ಟು ಸಲ ಬಳಸಿಲ್ಲ! ಆದರೂ ನಮ್ಮ ಕೊಳಕ್ಕೆ ತೂಬನ್ನಾಗಲಿ ಕೋಡಿಯನ್ನಾಗಲಿ ಇಟ್ಟಿರಲಿಲ್ಲ. ಹಿಡಿದಿಡುವುದೊಂದೇ ನಮಗೆ ಹೊಳೆದಿದ್ದು.

ಕೊಯಿ ಕೊಳದಲ್ಲಿ ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸುವುದು ಒಳ್ಳೆಯದು. ನಮ್ಮಲ್ಲಿ ಅದು ಐನೂರು ಲೀಟರ್. ಮೊದಲು ಒಂದೂವರೆ ದಿನದೊಳಗೆ ಅಷ್ಟು ನೀರು ಸೋರಿಹೋಗುತ್ತಿತ್ತು. ಕಾಕೂ ಒಪ್ಪಿಗೆ ಪಡೆದು ಕೆಸುವಿನ ಗಡ್ಡೆಗಳನ್ನು ಮನೆಯ ಗೋಡೆಯಿಂದ ದೂರ, ಅವರ ಹಿತ್ತಲಿನ ಇನ್ನೊಂದು ಮೂಲೆಗೆ ಸ್ಥಳಾಂತರಿಸಿದೆವು. ಕಂಪೌಂಡಿನ ಮೇಲಿನಿಂದ ಅಲ್ಲಿಗೊಂದು ಪೈಪು ಎಳೆದೆವು. ಭಾನುವಾರ ಬೆಳಿಗ್ಗೆ ಮಗಳು ನಲ್ಲಿ ತಿರುಗಿಸುತ್ತಾಳೆ. ಆಚೆಯಿಂದ ಕಾಕೂ ಸಾಕೆಂದು ಕೂಗಿದಾಗ ನಿಲ್ಲಿಸುತ್ತಾಳೆ. ಮನೆಯಲ್ಲಿ ಈಗ ಅವಳ ಹೆಸರು ನೀರಗಂಟಿ.

ಹೊಸ ಗೋಡೆಗೆ ಸುಣ್ಣವಾದ ಮೇಲೆ ಗಣಪತಿ ತನ್ನ ಎತ್ತರಕ್ಕೆ ಹೋಗಿದ್ದಾನೆ. ಮಳೆಗಾಲದ ನಡುವೆ ಗೋಡೆಯ ಬುಡದಲ್ಲಿ ಅಂಗೈಯಗಲ ತೇವ ಮತ್ತೆ ಕಾಣಿಸಿತು. ಅದು ಹಳೆಯ ಉಪ್ಪೋ ಹೊಸ ಮಳೆಯೋ ಎಂದು ವಾರಕ್ಕೊಮ್ಮೆ ಹೋಗಿ ಮುಟ್ಟಿ ನೋಡುತ್ತೇವೆ. ಆ ವರ್ಷದ ಶ್ರಾವಣದಲ್ಲಿ ಕೆಸುವು ಇನ್ನೂ ಚಿಕ್ಕದಿತ್ತು. ತಟ್ಟೆಯಲ್ಲಿ ಬಂದ ಅಳೂವಡಿ ಆರು. ಎಣಿಸಿಕೊಂಡು, ತಲಾ ಎರಡು ತಿಂದೆವು.